ಶಿವು ಹೊಸ್ತಿಲು ದಾಟಿದ ವಾರ

ಯಾರಾದರೂ ತಮ್ಮ ಮಗು ಮೊದಲ ಸಲ ಹೊಸ್ತಿಲು ದಾಟಿತೆಂದು ವೀಡಿಯೊ ಕಳಿಸಿದರೆ ನಾನು ಮಗುವನ್ನು ನೋಡುವುದಿಲ್ಲ. ಅದರ ಹಿಂದೆ, ಪಕ್ಕದಲ್ಲಿ, ಯಾವ ಬಾಗಿಲು ತೆರೆದಿದೆ ಎಂದು ನೋಡುತ್ತೇನೆ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಕರೆಯುತ್ತಿರುತ್ತಾರೆ. ನನಗೆ ಆ ಚಪ್ಪಾಳೆಯ ಅಡಿಯಿಂದ ಎತ್ತಿನ ಲಾಳ ಕಲ್ಲಿನ ಮೇಲೆ ಸರಿದ ಸದ್ದು ಕೇಳಿಸುತ್ತದೆ. ‘ತುಂಬಾ ಮುದ್ದಾಗಿದೆ’ ಎಂದು ಬರೆದು ಕಳಿಸಿ ಫೋನನ್ನು ಮಗುಚಿ ಇಡುತ್ತೇನೆ. ಓದಿಕೊಂಡವಳು, ಕಾಲೇಜಿನಲ್ಲಿ ಪಾಠ ಹೇಳುವವಳು, ಇಷ್ಟು ವರ್ಷವಾದ ಮೇಲೂ ಹೀಗಾ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಉಂಟು. ಬೈದುಕೊಂಡರೆ ಸದ್ದು ನಿಲ್ಲುವುದಿಲ್ಲ.

ನಮ್ಮ ಊರು ಪಾಂಡವಪುರದಿಂದ ತೊಣ್ಣೂರಿನ ಕಡೆ ಹೋಗುವ ದಾರಿಯಲ್ಲಿತ್ತು. ಹೆಂಚಿನ ಮನೆ. ಜನಕ್ಕೂ ದನಕ್ಕೂ ಒಂದೇ ಸೂರು. ಮುಂಬಾಗಿಲು ದಾಟಿದರೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಕೊಟ್ಟಿಗೆ. ನಡುಮನೆಗೂ ಕೊಟ್ಟಿಗೆಗೂ ಮಧ್ಯೆ ಒಂದು ಬಾಗಿಲು, ಬಾಗಿಲಿಗೆ ದಪ್ಪ ಮರದ ಹೊಸ್ತಿಲು. ಹೊಸ್ತಿಲಿನಾಚೆ ನೆಲ ಒಂದು ಗೇಣು ತಗ್ಗು, ಚಪ್ಪಡಿ ಕಲ್ಲು ಹಾಸಿದ್ದು. ದನಗಳು ಆಚೆ ಗೋಡೆಯ ಗೊಂತಿಗೆ ಮುಖಮಾಡಿ ಹುಲ್ಲು ಮೇಯುತ್ತಿದ್ದವು. ಹಾಗಾಗಿ ಈಚೆಯಿಂದ ನೋಡಿದವರಿಗೆ ಮೊದಲು ಕಾಣುತ್ತಿದ್ದದ್ದು ಬಾಲ ಮತ್ತು ಹಿಂಗಾಲು. ಬಾಗಿಲ ಹತ್ತಿರ ಕರು, ಅದರ ಪಕ್ಕ ಕೆಂದ ಎನ್ನುವ ಎತ್ತು, ಆಮೇಲೆ ಅದರ ಜೋಡಿ, ಕೊನೆಯಲ್ಲಿ ಹಸು. ಆ ಬಾಗಿಲನ್ನು ಹಗಲು ಹೊತ್ತು ಮುಚ್ಚಿದ್ದು ನನಗೆ ನೆನಪಿಲ್ಲ. ಮುಚ್ಚಿದರೆ ನಡುಮನೆಗೆ ಬೆಳಕಿಲ್ಲ, ಅಜ್ಜಿಗೆ ದನಗಳ ಮೇಲೆ ಕಣ್ಣಿಲ್ಲ. ರಾಗಿ ಬೀಸುತ್ತ, ಅವರೆಕಾಯಿ ಸುಲಿಯುತ್ತ, ಅಜ್ಜಿ ಆ ಬಾಗಿಲ ಮೂಲಕ ಕೆಂದನನ್ನು ಬೈಯುತ್ತಿದ್ದಳು. ಕೆಂದ ಕೆಟ್ಟ ಎತ್ತೇನಲ್ಲ. ಆದರೆ ಹಿಂದಿನಿಂದ ಯಾರೇ ಬಂದರೂ ಕಾಲು ಝಾಡಿಸುತ್ತಿತ್ತು. ಲಾಳ ಕಟ್ಟಲು ಬಂದ ಸಾಬರ ಮೊಣಕಾಲು ಊದಿ, ಅವರು ಹದಿನೈದು ದಿನ ಕುಂಟಿದ್ದರು. ಮನೆಯವರಲ್ಲಿ ಅಪ್ಪ, ಅಜ್ಜಿ, ನಾನು ಮೂವರೇ ಅದರ ಹಿಂದೆ ಹೋಗಬಹುದಿತ್ತು. ಅದೂ ಮೊದಲು ‘ಸರ್ಕೋ ಕೆಂದಾ’ ಅಂದು, ಅದು ತನ್ನ ಹಿಂಭಾಗವನ್ನು ಕರುವಿನ ಕಡೆಗೆ ಸರಿಸಿ ದಾರಿ ಬಿಟ್ಟ ಮೇಲೆ.

ಅಪ್ಪ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನವರು ತಂದ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು ಎಷ್ಟು ಡಿಗ್ರಿ ಎಂದು ಕೂಗುವುದು ಅವನ ಕೆಲಸ. ನೀರು ಬೆರೆಸಿದವರನ್ನು ಬೈಯುವ ಬದಲು ನಗಿಸಿ ನಾಚಿಸುತ್ತಿದ್ದ. ಹಾಗಾಗಿ ಅವನ ಬಾಯಿಗೆ ಎಲ್ಲರೂ ಹೆದರುತ್ತಿದ್ದರು, ಆದರೂ ಅವನ ಸುತ್ತ ಯಾವಾಗಲೂ ನಾಲ್ಕು ಜನ. ಶಿವು ಹುಟ್ಟಿದ ವಾರವೇ ನಮ್ಮ ಹಸು ಹೆಣ್ಣು ಕರು ಹಾಕಿತು. ಗೌರಿ ಎಂದು ಹೆಸರಿಟ್ಟೆವು. ಅಲ್ಲಿಂದ ಅಪ್ಪನಿಗೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ತೂಗುವುದೇ ಚಾಳಿಯಾಯಿತು. ಮೂರನೇ ತಿಂಗಳಲ್ಲಿ ಅವ್ವ ಶಿವುವಿನ ಕತ್ತಿಗೆ ಕೈ ಕೊಟ್ಟು ಎತ್ತಿಕೊಂಡಿದ್ದಳು. ಡೈರಿಯಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಲೇ ಶುರು ಮಾಡಿದ.

“ನಮ್ ಗೌರಿ ಉಟ್ಟಿ ಅರ್ಧ ಗಂಟೇಲಿ ಎದ್ದು ನಿಂತ್ಲು. ಸಂಜೆಗೆ ಓಡಾಡುದ್ಲು. ನಿನ್ ಮಗ ಮೂರು ತಿಂಗಳಾದ್ರೂ ತಲೆ ಒರಲಾರ. ಒಳಗೆ ಏನೋ ಭಾರವಾದ್ದು ಅದೆ ಕಣೆ. ಮಿನಿಸ್ಟ್ರಾಗ್ತಾನೆ.”

“ನಿಮ್ ಬಾಯಿಗೆ ಬೀಗ ಆಕಾ! ಮಗೀಗೆ ದೃಷ್ಟಿ ಆಗ್ತದೆ,” ಎಂದಳು ಅವ್ವ.

“ತಲೆ ಎತ್ತುನಾರದ್ ಮಗೀಗೆ ಯಾವೋಳು ದೃಷ್ಟಿ ಆಕ್ತಾಳೆ?”

ನಮ್ಮ ಅಜ್ಜಿಗೆ ಮಗುವಿನ ಪ್ರತಿ ಹೊಸ ವಿದ್ಯೆಗೂ ಒಂದೊಂದು ಅಡುಗೆ. ಬೋರಲು ಬಿದ್ದರೆ ದೋಸೆ, ಅಂಬೆಗಾಲಿಟ್ಟರೆ ಕಡುಬು, ಹೊಸ್ತಿಲು ದಾಟಿದರೆ ಒಬ್ಬಟ್ಟು. ಬೀದಿಯ ಏಳು ಮನೆಗೆ ಹಂಚಿದ ಮೇಲೆ ನಮಗೆ. ಶಿವು ಬೋರಲು ಬಿದ್ದ ದಿನ ವಾಪಸ್ಸು ಅಂಗಾತ ಆಗುವುದು ಗೊತ್ತಾಗದೆ ಮೂಗು ಚಾಪೆಗೆ ಒತ್ತಿ ಕಿರುಚಿದ. ಅಪ್ಪ ದೋಸೆ ತಿನ್ನುತ್ತ, ಇವನು ನಮ್ಮೂರಿನ ಬಸ್ಸಿನಂಥವನು, ಹೋಗೋದು ಅದೆ, ಬರೋದಿಲ್ಲ ಅಂದ. ಹಲ್ಲು ಬಂದಾಗ ದನದ ಜಾತ್ರೆಯ ದಲ್ಲಾಳಿಯ ಹಾಗೆ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಶಿವುವಿನ ತುಟಿ ಬಿಡಿಸಿ, ‘ಇನ್ನೂ ಆಲಲ್ಲು, ನೇಗ್ಲಿಗೆ ಬರಾಕಿಲ್ಲ, ಮುಂದಕ್ಕೆ ಒಡ್ಕೊಂಡೋಗಪ್ಪ’ ಅಂದ. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಅಂಬೆಗಾಲಿನ ಕಥೆಯಂತೂ ಡೈರಿಯಲ್ಲಿ ಒಂದು ವಾರ ಓಡಿತು. ಶಿವು ಮುಂದಕ್ಕೆ ಹೋಗಲು ಕೈ ಊರಿದರೆ ಹಿಂದಕ್ಕೆ ಜಾರುತ್ತಿದ್ದ. ಅವ್ವ ಎದುರಿಗೆ ಕೂತು ಗಿಲಕಿ ಆಡಿಸಿ ಕರೆದಷ್ಟೂ, ಅವಳನ್ನೇ ನೋಡಿ ನಗುತ್ತ, ದೂರ ದೂರ ಸರಿದು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ರಿವರ್ಸ್ ಗೇರಿನಲ್ಲೇ ಹುಟ್ಟಿದ ಗಾಡಿ ಎಂದು ಅಪ್ಪ ಹೆಸರಿಟ್ಟ. ನಾವೆಲ್ಲ ನಕ್ಕೆವು. ಆ ನಗು ನಮ್ಮ ಮನೆಯಲ್ಲಿ ನಿಜವಾಗಿ ಇತ್ತು, ಅದನ್ನು ಹೇಳದೆ ಹೋದರೆ ಮುಂದಿನದನ್ನು ಹೇಳುವ ಹಕ್ಕು ನನಗಿಲ್ಲ.

ಆದರೆ ಅಪ್ಪನ ಬಾಯಿ ಒಂದು ಸಲ ತಪ್ಪಿತ್ತು. ಶಿವುಗೆ ಹೆಸರಿಡುವ ದಿನ ಬಿಂಡಿಗನವಿಲೆಯಿಂದ ಅವ್ವನ ತಮ್ಮ, ನಮ್ಮ ನಿಂಗರಾಜು ಮಾವ ಬಂದಿದ್ದ. ಅಲ್ಲಿ ಮಳೆ ನೆಚ್ಚಿದ ಹೊಲ, ಒಂದಷ್ಟು ಕುರಿ. ಎರಡು ಕುರಿ ಮಾರಿ ಶಿವುಗೆ ಬೆಳ್ಳಿ ಉಡಿದಾರ ಮಾಡಿಸಿ ತಂದಿದ್ದನಂತೆ. ಅದು ನಮಗೆ ಆಗ ಗೊತ್ತಿರಲಿಲ್ಲ. ಎಲೆ ಹಾಕಿ ಎಲ್ಲರೂ ಕೂತಿದ್ದಾಗ ಅಪ್ಪ ಆ ಉಡಿದಾರವನ್ನು ಬೆರಳಲ್ಲಿ ಎತ್ತಿ ಹಿಡಿದು, ‘ಏನ್ಲಾ ನಿಂಗ, ಮರಿ ಕಟ್ಟಾಕಕ್ಕೆ ತಂದಂಗದಲ್ಲ, ನಿನ್ ಮಂದೇಲಿ ಒಂದು ಕಮ್ಮಿ ಬಿತ್ತಾ?’ ಅಂದುಬಿಟ್ಟ. ಸಾಲಿನುದ್ದಕ್ಕೂ ನಗು ಹರಿಯಿತು. ಮಾವ ನಗಲಿಲ್ಲ. ಬಡಿಸಿದ ಎಲೆಯ ಮುಂದಿನಿಂದ ಎದ್ದು, ಕೈತೊಳೆಯದೆ, ಬಸ್ಸಿಗೆ ಹೋದ. ಎಂಟು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಅವ್ವ ಅದರ ಬಗ್ಗೆ ಅಪ್ಪನ ಹತ್ತಿರ ಒಂದು ಮಾತಾಡಿದ್ದನ್ನೂ ನಾನು ಕೇಳಲಿಲ್ಲ. ನಾಗಮಂಗಲದ ಕಡೆಯಿಂದ ಬರುವ ಬಸ್ಸು ರಸ್ತೆಯಲ್ಲಿ ಹಾರನ್ ಮಾಡಿದಾಗ ಮಾತ್ರ ಒಲೆಯ ಮುಂದಿನಿಂದ ಕತ್ತೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು. ಬಸ್ಸು ಹೋದ ಸದ್ದು ಕೇಳಿದ ಮೇಲೆ ಮತ್ತೆ ಒಲೆ.

ದಾರಿ ತೆರೆದದ್ದು ಅಜ್ಜಿಯ ಶಾಸ್ತ್ರವೇ. ನಮ್ಮಲ್ಲಿ ಮಗು ಮೊದಲ ಸಲ ಹೊಸ್ತಿಲು ದಾಟುವಾಗ ಸೋದರಮಾವ ಆಚೆ ಕಡೆ ಕೂತು ಬೆಲ್ಲದ ಚೂರು ತೋರಿಸಿ ಕರೆಯಬೇಕು. ಮಗು ತಾನಾಗಿ ದಾಟಿ ಅವನ ಮಡಿಲು ಸೇರಬೇಕು. ಮಾವ ಬರುವಷ್ಟರಲ್ಲಿ ಮಗು ಮನೆಯ ಯಾವ ಹೊಸ್ತಿಲನ್ನಾದರೂ ದಾಟಿಬಿಟ್ಟರೆ ಮುಗಿಯಿತು, ಬರೀ ಒಬ್ಬಟ್ಟು. ನಾನು ಚಿಕ್ಕವಳಿದ್ದಾಗ ಹಾಗೇ ಆಗಿತ್ತಂತೆ. ಯಾರಿಗೂ ಹೇಳದೆ ದಾಟಿ ಜಗಲಿಯ ಮೇಲೆ ಕೋಳಿಯ ಹಿಂದೆ ಹೋಗುತ್ತಿದ್ದೆನಂತೆ, ಮಾವನಿಗೆ ಹೇಳಿಕಳಿಸುವ ಪ್ರಮೇಯವೇ ಬರಲಿಲ್ಲವಂತೆ. ಈ ಸಲ ಅಪ್ಪನೇ ಕಾರ್ಡು ಬರೆದ. ಏನು ಬರೆದನೋ ತೋರಿಸಲಿಲ್ಲ. ಮೂರು ಸಲ ಬರೆದು ಎರಡನ್ನು ಒಲೆಗೆ ಹಾಕಿದ್ದನ್ನು ನಾನು ನೋಡಿದೆ. ಆ ಕಡೆ ರಾಗಿ ಒಕ್ಕಣೆ ನಡೆಯುತ್ತಿತ್ತು. ಹತ್ತು ದಿನ ಉತ್ತರವಿಲ್ಲ. ಆಮೇಲೆ ಸಂತೆಗೆ ಬಂದವರೊಬ್ಬರ ಕೈಲಿ ಮಾತು ಬಂತು: ಭಾನುವಾರ ಬರುತ್ತಾನೆ. ಅವ್ವ ಅವತ್ತು ಸೌದೆ ಒಡೆಯುತ್ತ ತನಗೆ ತಾನೇ ಏನೋ ಗುನುಗಿಕೊಂಡಳು. ಎಂಟು ತಿಂಗಳಲ್ಲಿ ಅದೇ ಮೊದಲು.

ಆ ವಾರ ಮನೆಯವರಿಗೆಲ್ಲ ಒಂದೇ ಕೆಲಸ, ಭಾನುವಾರದವರೆಗೆ ಶಿವು ದಾಟದಂತೆ ನೋಡಿಕೊಳ್ಳುವುದು. ಅವನು ಹೊಸ್ತಿಲ ಹತ್ತಿರ ಹೋಗಿ ಕೈ ಊರಿ, ಎದೆ ಎತ್ತಿ, ಆಚೆ ಇಣುಕಿ, ಅಲ್ಲೇ ಕುಂಡೆಯ ಮೇಲೆ ಕೂರುತ್ತಿದ್ದ. ಅಪ್ಪ ಅದಕ್ಕೂ ಹೆಸರಿಟ್ಟ, ಚೆಕ್‌ಪೋಸ್ಟು. ಬೆಳಿಗ್ಗೆ ಅಜ್ಜಿಯ ಡ್ಯೂಟಿ, ಮಧ್ಯಾಹ್ನ ಅವ್ವನದು, ಸ್ಕೂಲು ಬಿಟ್ಟ ಮೇಲೆ ನನ್ನದು.

“ಮಂಜಿ, ಗಾಡಿ ಬುಟ್ರೆ ನಿನ್ನ ಸಸ್ಪೆಂಡ್ ಮಾಡ್ತೀನಿ,” ಎಂದು ಅಪ್ಪ ನನಗೆ ಸಲ್ಯೂಟ್ ಹೊಡೆದ.

ಮಂಗಳವಾರ ಸಂಜೆ ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಲೆಕ್ಕ ಮಾಡುತ್ತಿದ್ದೆ. ಅವ್ವ ಬಟ್ಟೆ ಒಗೆಯಲು ನಾಲೆಗೆ ಹೋಗಿದ್ದಳು. ಶಿವು ಒಂದು ಡಬ್ಬಿಯ ಮುಚ್ಚಳ ಉರುಳಿಸುತ್ತಿದ್ದ. ಅದು ಉರುಳಿ ಕೊಟ್ಟಿಗೆಯ ಹೊಸ್ತಿಲಿಗೆ ತಾಗಿ ಬಿತ್ತು. ಅವನು ಅಲ್ಲಿಗೆ ಹೋದ. ಎಂದಿನಂತೆ ಇಣುಕಿದ. ಆಚೆ ಗೌರಿ ಕಿವಿ ಆಡಿಸುತ್ತ ನಿಂತಿತ್ತು. ಆಮೇಲೆ ಅವನು ಮಾಡಿದ್ದನ್ನು ನಾನು ಪೆನ್ಸಿಲ್ ಹಿಡಿದುಕೊಂಡೇ ನೋಡಿದೆ. ತಿರುಗಿ ನನ್ನ ಕಡೆ ಮುಖ ಮಾಡಿದ. ಕಾಲು ಹಿಂದಕ್ಕೆ ಚಾಚಿ, ಹೊಟ್ಟೆಯನ್ನು ಹೊಸ್ತಿಲ ಮೇಲೆ ಹಾಕಿ, ನನ್ನನ್ನೇ ನೋಡುತ್ತ, ಒಂದೊಂದೇ ಕಾಲು ಇಳಿಸಿ ಜಾರಿದ. ಮಂಚದ ಕೆಳಗೆ ಹೋಗುವ ಅದೇ ರಿವರ್ಸ್ ಗೇರು. ಕ್ಷಣದಲ್ಲಿ ಅವನ ತಲೆ ಮಾತ್ರ ಹೊಸ್ತಿಲಿನಾಚೆ ಕಾಣುತ್ತಿತ್ತು. ಓಡಿಹೋಗಿ ಎತ್ತಿಕೊಂಡೆ. ಮೊಣಕಾಲಿನ ಸಗಣಿ ಒರೆಸಿದೆ. ಅಜ್ಜಿ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ‘ಅಜ್ಜೀ’ ಎಂದು ಕೂಗಲು ಬಾಯಿ ತೆರೆದೆ. ಕೂಗಿದರೆ ಅಜ್ಜಿ ಬಂದು ಏನನ್ನುತ್ತಾಳೆ ಎಂದು ಗೊತ್ತಿತ್ತು: ಆಯ್ತಲ್ಲ, ದಾಟಿದ್ ಮೇಲೆ ಇನ್ನು ಅವನ್ನ ಕರ್ದು ಏನ್ ಮಾಡದು. ಅವ್ವನ ಗುನುಗು ನೆನಪಾಯಿತು. ಬಾಯಿ ಮುಚ್ಚಿಕೊಂಡೆ. ಭಾನುವಾರಕ್ಕೆ ಇನ್ನು ಐದೇ ದಿನ, ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಹತ್ತು ವರ್ಷದವಳು ಹಾಗೆ ಅಂದುಕೊಂಡಳು.

ಹಾಗಾಗಿ ಶುಕ್ರವಾರದ ಹೊತ್ತಿಗೆ ಮನೆಯಲ್ಲಿ ಎಲ್ಲರೂ, ಶಿವು ಹೊಸ್ತಿಲು ದಾಟಲಾರ ಎಂಬ ನಂಬಿಕೆಯ ಮೇಲೆ ನಡೆದುಕೊಳ್ಳುತ್ತಿದ್ದರು ಎಂದು ನಾನು ತಿಳಿದಿದ್ದೆ. ದಾಟುತ್ತಾನೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಶುಕ್ರವಾರ ಸ್ಕೂಲಿಂದ ಬಂದಾಗ ಅವ್ವ ಅಂಗಡಿಗೆ ಬೆಲ್ಲ ತರಲು ಹೊರಟಿದ್ದಳು. ಅಪ್ಪ ಡೈರಿಯಲ್ಲಿ. ಅಜ್ಜಿ ಅಡುಗೆಮನೆಯಲ್ಲಿ ಭಾನುವಾರದ ಬೇಳೆ ಆರಿಸುತ್ತಿದ್ದಳು. ಶಿವು ನಡುಮನೆಯಲ್ಲಿ, ಮೈಮೇಲೆ ಉಡಿದಾರ ಬಿಟ್ಟರೆ ಏನಿಲ್ಲದೆ, ಆ ಮುಚ್ಚಳದ ಜೊತೆ ಕೂತಿದ್ದ. ಎದುರುಮನೆಯ ಸವಿತ ಜಗಲಿಯ ಹತ್ತಿರ ಬಂದು, ಹೊಸ ಟೇಪು ತೋರಿಸ್ತೀನಿ ಬಾ ಅಂದಳು. ಕೆಂಪು, ಅಂಚಿಗೆ ಜರಿ ಇರುವ ಜಡೆಯ ಟೇಪು. ನಾನು ಮುಂಬಾಗಿಲಿನಿಂದ ಜಗಲಿಗೆ ಇಳಿದೆ. ಅವಳು ಅದನ್ನು ನನ್ನ ಜಡೆಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಎಷ್ಟು ಹೊತ್ತು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಐದು ನಿಮಿಷ ಇರಬೇಕು. ಒಳಗಿನಿಂದ ಮುಚ್ಚಳದ ಸದ್ದು ಬರುತ್ತಿತ್ತು, ಆಮೇಲೆ ಬರಲಿಲ್ಲ. ನಿಂತದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ.

ಒಳಗೆ ಬಂದೆ. ಮುಚ್ಚಳ ಇತ್ತು, ಶಿವು ಇರಲಿಲ್ಲ. ನಾನು ಮಂಚದ ಕೆಳಗೆ ನೋಡಲಿಲ್ಲ, ಅಡುಗೆಮನೆಯಲ್ಲಿ ನೋಡಲಿಲ್ಲ. ನೆಟ್ಟಗೆ ಕೊಟ್ಟಿಗೆಯ ಬಾಗಿಲಿಗೆ ಹೋದೆ. ಗೌರಿಯನ್ನು ಮುಟ್ಟಲು ಹೋದವನು ಅದನ್ನು ದಾಟಿ ಮುಂದೆ ಹೋಗಿದ್ದ. ಕೆಂದನ ಎರಡು ಹಿಂಗಾಲುಗಳ ನಡುವೆ, ಕರುವಿನ ಕಡೆಯ ಕಾಲಿಗೆ ಒರಗಿ, ಸ್ನಾನದ ನೀರಿನ ಬೋಸಿಯಲ್ಲಿ ಕೂತವನ ಹಾಗೆ ನೆಮ್ಮದಿಯಾಗಿ ಕೂತಿದ್ದ. ಬಾಲದ ತುದಿ ಅವನ ಮುಖದ ಮೇಲೆ ಆಡುತ್ತಿತ್ತು. ಅದು ಬಂದಾಗಲೆಲ್ಲ ಕಣ್ಣು ಮುಚ್ಚಿ, ಹೋದಾಗ ತೆರೆದು, ಸದ್ದಿಲ್ಲದೆ ನಗುತ್ತಿದ್ದ. ಕೆಂದನಿಗೆ ಲಾಳ ಕಟ್ಟಿಸಿ ವಾರ ಕೂಡ ಆಗಿರಲಿಲ್ಲ. ನೊಣಕ್ಕೆ ಅದು ಒಂದು ಕಾಲು ಎತ್ತಿತು. ಕಾಲು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕಲ್ಲಿನ ಮೇಲೆ ಸರಿದು, ಶಿವುವಿನ ತೊಡೆಯಿಂದ ನಾಲ್ಕು ಬೆರಳು ಆಚೆ ಊರಿತು. ಆ ಸದ್ದೇ, ನಾನು ಈಗಲೂ ಕೇಳುವ ಸದ್ದು.

ಕೂಗುವಂತಿರಲಿಲ್ಲ. ನನ್ನ ದನಿ ಕೆಂದನಿಗೆ ಗೊತ್ತು. ಆ ಕೊಟ್ಟಿಗೆಯಲ್ಲಿ ನಾನು ಏನೇ ಮಾತಾಡಿದರೂ ಅದು ‘ಸರ್ಕೋ’ ಎಂದೇ ತಿಳಿದು ಹಿಂಭಾಗವನ್ನು ಕರುವಿನ ಕಡೆಗೆ ಹಾಕುತ್ತಿತ್ತು. ಇಡೀ ಮೈಭಾರ ಆ ಕಾಲಿನ ಮೇಲೆ, ಶಿವು ಒರಗಿದ್ದ ಕಾಲಿನ ಮೇಲೆ. ಅಜ್ಜಿಯನ್ನು ಕರೆಯುವಂತಿರಲಿಲ್ಲ, ಅವಳು ಬರುವುದೇ ಬೈದುಕೊಂಡು. ನಾನು ಹೊಸ್ತಿಲ ಮೇಲೆ ಹೊಟ್ಟೆ ಹಾಕಿ, ಅವನು ಇಳಿದ ಹಾಗೆಯೇ ಕಾಲು ಮೊದಲು ಮಾಡಿ ಇಳಿದೆ. ತಿರುಗಿ, ಗಂಜಲ ಹರಿಯುವ ಕಾಲುವೆಯಲ್ಲಿ ಬೋರಲು ಮಲಗಿ ಮುಂದಕ್ಕೆ ತೆವಳಿದೆ. ಗೌರಿ ನನ್ನ ಜಡೆ ಮೂಸಿತು. ಶಿವು ನನ್ನನ್ನು ನೋಡಿದ. ಅವನ ಇಡೀ ಮುಖ ಅರಳಿತು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ. ಅವ್ವ ಕಲಿಸಿದ್ದ ಹೊಸ ವಿದ್ಯೆ. ಆಮೇಲೆ ಸ್ಪಷ್ಟವಾಗಿ, ಜೋರಾಗಿ ಅಂದ:

“ಅಕ್ಕ.”

ಅದು ಅವನ ಮೊದಲ ಮಾತು. ಮನೆಯವರು ಲೆಕ್ಕವಿಟ್ಟ ಮೊದಲ ಮಾತು ಬೇರೆ. ಎರಡು ತಿಂಗಳಾದ ಮೇಲೆ ಅವನು ‘ಅವ್ವ’ ಅಂದದ್ದು, ಅದಕ್ಕೆ ಅಜ್ಜಿ ಪಾಯಸ ಮಾಡಿದ್ದು. ಕೊಟ್ಟಿಗೆಯಲ್ಲಿ ಅಂದದ್ದನ್ನು ಕೇಳಿದ್ದು ನಾನು, ಕರು, ಮತ್ತು ಕೆಂದ. ಕೆಂದನ ಕಿವಿ ಹಿಂದಕ್ಕೆ ತಿರುಗಿತು. ನಾನು ಬಲಗೈ ಚಾಚಿ ಅವನ ಕಾಲು ಹಿಡಿದು ಎಳೆದೆ. ಅವನು ಕಲ್ಲಿನ ಮೇಲೆ ಜಾರಿ ನನ್ನ ಕಡೆ ಬಂದ. ಅದೇ ಹೊತ್ತಿಗೆ ಕೆಂದ ಸರಿಯಿತು. ಶಿವು ಕೂತಿದ್ದ ಜಾಗದಲ್ಲಿ ಗೊರಸು ಊರಿದಾಗ ಅಲ್ಲಿ, ನೆಲಕ್ಕೆ ಕೊಟ್ಟಿದ್ದ ನನ್ನ ಎಡಗೈ ಇತ್ತು. ಬಾಯಿಗೆ ಸಿಕ್ಕ ಲಂಗದ ತುದಿಯನ್ನು ಕಚ್ಚಿ ಹಿಡಿದೆ. ಕೆಂದ ಅರೆಗಳಿಗೆ ನಿಂತು, ಕಾಲಡಿ ಏನೋ ಇದೆಯೆಂದು ಗೊತ್ತಾದಂತೆ, ತಾನೇ ಕಾಲು ಎತ್ತಿತು. ಅದು ಯಾಕೆ ಎತ್ತಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎತ್ತದಿದ್ದರೆ, ಇನ್ನೊಂದು ಕಾಲೂ ಸರಿದಿದ್ದರೆ ಎಂದು ಅಲ್ಲಿಗೆ ಬಂದು ನಿಲ್ಲುತ್ತೇನೆ.

ಶಿವು ಆಗ ಅತ್ತ. ಅಜ್ಜಿ ಬಂದಾಗ ನಾನು ಅವನನ್ನು ಮಡಿಲಲ್ಲಿ ಇಟ್ಟುಕೊಂಡು ಹೊಸ್ತಿಲ ಕೆಳಗೆ ಕೂತಿದ್ದೆ, ಇಬ್ಬರ ಮೈಯೂ ಸಗಣಿ. ಅವಳು ಕೇಳುವ ಮೊದಲೇ ನನ್ನ ಬಾಯಿಂದ ಬಂತು:

“ನಾನೇ ಎತ್ಕೊಂಡ್ ಬಂದೆ ಅಜ್ಜಿ. ಗೌರಿ ತೋರ್ಸಕ್ಕೆ. ಕೆಂದ ತುಳ್ದ್‌ಬುಡ್ತು.”

“ಮೂದೇವಿ! ಎಳೆ ಮಗೀನ ಕಂಕುಳಲ್ಲಿ ಇಟ್ಕಂಡು ಎತ್ತಿನ ಇಂದಕ್ಕೆ ಓದ್ಯಾ? ಬುದ್ಧಿ ಎಲ್ಲಿ ಮಡಗಿದ್ದೆ?”

ಬೆನ್ನಿಗೆ ನಾಲ್ಕು ಬಿತ್ತು. ಬೆಲ್ಲ ತಂದ ಅವ್ವ ಹೊಡೆಯಲಿಲ್ಲ. ಶಿವುವಿನ ಕೈ, ಕಾಲು, ತಲೆ ಒಂದೊಂದಾಗಿ ಒತ್ತಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ನಂಬಿ ಬುಟ್ಟೋದ್ನಲ್ಲ ಮಗ,” ಅಂದಳು. ಅಷ್ಟೇ ಅಂದದ್ದು. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಕಿರುಬೆರಳು ಆ ಹೊತ್ತಿಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಡೈರಿಯಿಂದ ಓಡಿಬಂದ ಅಪ್ಪ ಬೆರಳು ನೋಡಿದ, ಶಿವುವನ್ನು ನೋಡಿದ, ಕೊಟ್ಟಿಗೆಯ ಹೊಸ್ತಿಲನ್ನು ನೋಡುತ್ತ ನಿಂತ.

“ನೀನೇ ಎತ್ಕೊಂಡ್ ಓದ್ಯಾ?”

“ಊ.”

ಅವನು ಏನಾದರೂ ನಗಿಸುವ ಮಾತು ಆಡುತ್ತಾನೆಂದು ಕಾದೆ. ಆಡಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಕ್ಕದ ಊರಿನ ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋದ. ಬಿದಿರಿನ ಸೀಳು, ಮೊಟ್ಟೆಯ ಪಟ್ಟು. ಬೆರಳು ಆಮೇಲೆ ನೆಟ್ಟಗೆ ಕೂಡಲಿಲ್ಲ. ಶನಿವಾರ ನಾನು ಸ್ಕೂಲಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಇಡೀ ದಿನ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಿದ್ದೆ. ಊಟವನ್ನೂ ಅಲ್ಲಿಗೇ ತರಿಸಿಕೊಂಡೆ. ಪೆಟ್ಟು ತಿಂದು ಹುಡುಗಿಗೆ ಮೊಂಡು ಹಿಡಿದಿದೆ ಎಂದಳು ಅಜ್ಜಿ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ನಿಂಗರಾಜು ಮಾವ ಬಂದ. ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ ಬಂದಿದ್ದ, ಕೈಯಲ್ಲಿ ಒಂದು ಕುಂಬಳಕಾಯಿ, ಶಿವುಗೆ ಉಣ್ಣೆಯ ಟೋಪಿ. ಬಾಗಿಲಲ್ಲಿ ನಿಂತ. ಅಪ್ಪ ಎದ್ದು ಹೋಗಿ ತಾನೇ ಚೊಂಬಿನಲ್ಲಿ ನೀರು ಕೊಟ್ಟ. ಇಬ್ಬರೂ ಆ ಚೊಂಬನ್ನೇ ನೋಡಿದರು.

“ನನ್ ಬಾಯಿ ಸರೀಗಿಲ್ಲ ಕಣ್ಲಾ ನಿಂಗ.”

“ಗೊತ್ತಿರೋದೇ ಬುಡು ಬಾವ,” ಎಂದು ಮಾವ ಕಾಲು ತೊಳೆದುಕೊಂಡ.

ಅವ್ವ ಅಡುಗೆಮನೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆ ಹೊಗೆ ಎಂದು ಯಾರೂ ಕೇಳದಿದ್ದರೂ ಹೇಳಿದಳು. ಮುಂಬಾಗಿಲಿನ ಹೊಸ್ತಿಲಿಗೆ ಅರಿಸಿನ ಬಳಿದು, ರಂಗೋಲಿ ಎಳೆದು, ಶಿವುವನ್ನು ಒಳಗಡೆ ಕೂರಿಸಿದರು. ಮಾವ ಜಗಲಿಯ ಮೇಲೆ ಕೂತು ಬೆಲ್ಲದ ಚೂರು ಹಿಡಿದು ‘ಬಾರೋ ಅಳಿಯ, ಬಾರೋ’ ಅಂದ. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿವು ಹೊಸ್ತಿಲಿಗೆ ಬಂದ. ಇಣುಕಿದ. ಅವನು ಸ್ವಲ್ಪ ತಡವರಿಸಲಿ, ಒಂದು ಸಲ ಮುಗ್ಗರಿಸಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನು ಒಂದು ಕ್ಷಣವೂ ಯೋಚಿಸದೆ ತಿರುಗಿ ನಮ್ಮ ಕಡೆ ಮುಖ ಮಾಡಿದ, ಹೊಟ್ಟೆ ಹಾಕಿದ, ಕಾಲು ಇಳಿಸಿದ, ಜಾರಿದ. ವರ್ಷದಿಂದ ದಾಟುತ್ತಿರುವವನ ಹಾಗೆ. ಹೆಂಗಸರು ಹೋ ಎಂದು ನಕ್ಕರು. ಎಂಥ ಜಾಣ, ಯಾರು ಕಲಿಸಿದರು ಎಂದರು. ಮಾವ ಅವನನ್ನು ಎತ್ತಿ ಎದೆಗೆ ಒತ್ತಿಕೊಂಡ. ಎಲ್ಲರೂ ಶಿವುವನ್ನು ನೋಡುತ್ತಿದ್ದರು. ಅಪ್ಪ ನನ್ನನ್ನು ನೋಡುತ್ತಿದ್ದ.

ಊಟವಾದ ಮೇಲೆ ಮಾವ ನಡುಮನೆಯಲ್ಲಿ ಎಲೆಅಡಿಕೆ ಹಾಕಿಕೊಂಡು ಅವ್ವನ ಜೊತೆ ಊರಿನ ಮಾತು ಆಡುತ್ತಿದ್ದ. ಅಪ್ಪ ಹೊರಗೆ ಹೋದವನು ಡೈರಿಯ ಕಡೆಯಿಂದ ಒಂದು ಹಲಗೆ ಹೊತ್ತು ತಂದ, ಸುತ್ತಿಗೆ, ಮೊಳೆ. ಬೀದಿಯ ಕಡೆಯ ಬಾಗಿಲಿಂದ ಕೊಟ್ಟಿಗೆಗೆ ಬಂದು ನನ್ನನ್ನು ಕರೆದ. ಹಲಗೆಯ ಅಂಚು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಒಳಬಾಗಿಲ ಚೌಕಟ್ಟಿಗೆ, ಹೊಸ್ತಿಲ ಮೇಲೆ, ಮಗು ಹತ್ತಲಾಗದಷ್ಟು ಎತ್ತರಕ್ಕೆ ಅದು ಸರಿಯಾಗಿ ಕೂತಿತು. ಮೊದಲೇ ಅಳತೆ ತೆಗೆದು ಕೊಯ್ಸಿದ್ದ. ನಾನು ಬಲಗೈಯಿಂದ ಒತ್ತಿ ಹಿಡಿದೆ. ಅವನು ಮೊಳೆ ಇಟ್ಟು, ಹೊಡೆಯದೆ, ಮೆಲ್ಲಗೆ ಕೇಳಿದ.

“ಯಾವತ್ತು?”

ಕೆಂದ ಹುಲ್ಲು ಅಗಿಯುತ್ತಿತ್ತು.

“ಬೈಯಲ್ಲ ಕಣವ್ವ. ಯಾವತ್ತು ನೋಡ್ದೆ ನೀನು?”

“ಮಂಗಳವಾರ.”

ಅಪ್ಪ ಒಂದು ಸಲ ಹೊಡೆದ. ಸುತ್ತಿಗೆ ಕೆಳಗಿಳಿಸಿದ.

“ನಾನು ಬುಧವಾರ ನೋಡ್ದೆ,” ಅಂದ. “ಬೆಳಿಗ್ಗೆ ಆಲು ಕರೀತಿದ್ದೆ. ಇಲ್ಲೇ ಇಳ್ದ. ಎತ್ತಿ ಒಳಗೆ ಮಡಗಿ ಬಂದೆ. ಯಾರ್ಗೂ ಏಳ್ಲಿಲ್ಲ.”

ನಾನು ಹಲಗೆಯನ್ನು ನೋಡಿದೆ. ಅವನು ನನ್ನ ಕಣ್ಣಿನ ದಾರಿ ಹಿಡಿದು ತಾನೂ ನೋಡಿದ.

“ಅವತ್ತೇ ಕೊಯ್ಸ್‌ದೆ. ಡೈರಿ ಗೋಡೆಗೆ ಒರಗ್ಸಿತ್ತು, ಬುಧವಾರದಿಂದ. ಆಗ್ಲೇ ಮೊಳೆ ಒಡುದ್ರೆ ಯಾಕೆ ಅಂತ ನಿಮ್ಮಜ್ಜಿ ಕೇಳೋಳು. ಭಾನುವಾರ ಕಳೀಲಿ ಅಂದ್ಕಂಡೆ. ನಿಮ್ಮವ್ವನ ಮುಖ ನೋಡಿ…”

ನನ್ನ ಬೆರಳಿನ ಕಟ್ಟಿನ ಮೇಲೆ ಕೈ ಇಟ್ಟ, ಒತ್ತಲಿಲ್ಲ, ಸುಮ್ಮನೆ ಇಟ್ಟ. ಆಮೇಲೆ ಮತ್ತೆ ಸುತ್ತಿಗೆ ತೆಗೆದುಕೊಂಡು ಹೊಡೆಯತೊಡಗಿದ. ಒಳಗಿನಿಂದ ಅವ್ವ ಕೂಗಿದಳು:

“ಏನ್ರೀ ಅದು ಸದ್ದು, ನೆಂಟ್ರು ಬಂದಿರೋವಾಗ?”

ಅಪ್ಪ ಡೈರಿಯಲ್ಲಿ ಡಿಗ್ರಿ ಕೂಗುವ ಅದೇ ದನಿಯಲ್ಲಿ ಹೇಳಿದ:

“ನಿನ್ ತಮ್ಮ ಬಂದು ಗಾಡಿಗೆ ಲೈಸೆನ್ಸ್ ಕೊಟ್ಟೋಯ್ತಾನೆ, ಬ್ರೇಕ್ ಆಕೋರು ಯಾರು? ನಾನೇ ತಾನೆ?”

ಒಳಗೆ ಎಲ್ಲರೂ ನಕ್ಕರು. ಎಲ್ಲಕ್ಕಿಂತ ಜೋರಾಗಿ ನಿಂಗರಾಜು ಮಾವ. ಅವ್ವನ ನಗುವೂ ಕೇಳಿಸಿತು, ನಾನು ಮರೆತೇಹೋಗಿದ್ದ ನಗು. ಈಚೆ ಕೊಟ್ಟಿಗೆಯಲ್ಲಿ ಅಪ್ಪ ಹೊಡೆದ ಮೊಳೆ ಬಾಗಿತು. ಅದನ್ನು ಕಿತ್ತು ಎಸೆದು ಇನ್ನೊಂದು ಇಟ್ಟ. ಅದೂ ಬಾಗಿತು. ಮೂರನೆಯದನ್ನು ಅವನ ಬೆರಳುಗಳಿಂದ ತೆಗೆದುಕೊಂಡು ನಾನು ಹಿಡಿದೆ.